ನೆಲ ಅಗೆದಿಟ್ಟು ಕುಣಿಯುವವರು

ಪರೀಕ್ಷೆ ಬರೆದು ಹೊರಬಂದ ಹುಡುಗರ ಮೊದಲ ಮಾತು ಉತ್ತರಗಳ ಬಗ್ಗೆ ಇರುವುದಿಲ್ಲ. "ಏನೂ ಓದಿರ್ಲಿಲ್ಲ ಕಣೋ, ಸುಮ್ನೆ ಹೋಗಿ ಬರ್ದೆ" ಅನ್ನುತ್ತಾನೆ ಒಬ್ಬ. "ರಾತ್ರಿ ಎರಡರವರೆಗೂ ಮ್ಯಾಚ್ ನೋಡ್ತಿದ್ದೆ" ಅನ್ನುತ್ತಾನೆ ಇನ್ನೊಬ್ಬ. ತುಮಕೂರಿನ ಬಿ.ಎಚ್. ರಸ್ತೆಯ ಯಾವ ಕಾಲೇಜಿನ ಗೇಟಿನ ಬಳಿ ನಿಂತರೂ ಈ ಮಾತು ಕಿವಿಗೆ ಬೀಳುತ್ತದೆ. ಇದರಲ್ಲಿ ಅರ್ಧ ಬಡಾಯಿ. ಉಳಿದರ್ಧ ನಿಜ. ಓದಿದ್ದರೆ ಗೆಲ್ಲಬಹುದಾಗಿದ್ದ ಹುಡುಗ ಪರೀಕ್ಷೆಯ ಹಿಂದಿನ ರಾತ್ರಿಯನ್ನು ನಿಜಕ್ಕೂ ಮೊಬೈಲಿಗೆ ಒಪ್ಪಿಸಿರುತ್ತಾನೆ.

ಕುಣಿಯಲಾರದವಳು ನೆಲ ಡೊಂಕು ಅಂದಳಂತೆ ಎಂಬ ಗಾದೆ ನಮಗೆಲ್ಲ ಗೊತ್ತು. ಅದು ಕುಣಿತ ಕೆಟ್ಟ ಮೇಲೆ ಹುಡುಕುವ ನೆಪದ ಮಾತು. ಇಲ್ಲಿ ನಡೆಯುವುದು ಅದಕ್ಕಿಂತ ಒಂದು ಹೆಜ್ಜೆ ಮುಂದೆ. ಕುಣಿಯುವ ಹಿಂದಿನ ರಾತ್ರಿಯೇ ಗುದ್ದಲಿ ಹಿಡಿದು ನೆಲ ಅಗೆದಿಡುವ ಕೆಲಸ ಇದು. ಕುಣಿಯಲು ಬಾರದವರು ಹೀಗೆ ಮಾಡಿದರೆ ಅರ್ಥವಾಗುತ್ತದೆ. ಚೆನ್ನಾಗಿ ಕುಣಿಯಬಲ್ಲವರೂ ಹೀಗೆ ಮಾಡುತ್ತಾರಲ್ಲ, ಯಾಕೆ?

ಈ ಪ್ರಶ್ನೆಯನ್ನು ಪ್ರಯೋಗಕ್ಕೆ ಒಡ್ಡಿದವರು ಅಮೆರಿಕದ ಇಬ್ಬರು ಮನಶ್ಶಾಸ್ತ್ರಜ್ಞರು, ಸ್ಟೀವನ್ ಬರ್ಗ್ಲಾಸ್ ಮತ್ತು ಎಡ್ವರ್ಡ್ ಜೋನ್ಸ್. 1978ರಲ್ಲಿ ಪ್ರಕಟವಾದ ಅವರ ಪ್ರಯೋಗ ಹೀಗಿತ್ತು. ಕಾಲೇಜು ವಿದ್ಯಾರ್ಥಿಗಳಿಗೆ ಒಂದು ಪರೀಕ್ಷೆ ಕೊಟ್ಟರು. ಕೆಲವರಿಗೆ ಬಿಡಿಸಬಹುದಾದ ಪ್ರಶ್ನೆಗಳು, ಇನ್ನು ಕೆಲವರಿಗೆ ಉತ್ತರವೇ ಇಲ್ಲದ ಪ್ರಶ್ನೆಗಳು. ಉತ್ತರವಿಲ್ಲದ ಪ್ರಶ್ನೆಗಳಿಗೆ ಏನೋ ಒಂದು ಗೀಚಿ ಬಂದವರಿಗೂ "ಬಹಳ ಚೆನ್ನಾಗಿ ಮಾಡಿದ್ದೀರಿ" ಎಂದು ಹೇಳಲಾಯಿತು. ಆಮೇಲೆ ಇದೇ ಬಗೆಯ ಎರಡನೇ ಪರೀಕ್ಷೆ. ಅದಕ್ಕೆ ಮುಂಚೆ ಎರಡು ಮಾತ್ರೆಗಳಲ್ಲಿ ಒಂದನ್ನು ಆರಿಸಿಕೊಳ್ಳಿ ಎಂದರು. ಒಂದು ಮಾತ್ರೆ ಬುದ್ಧಿ ಚುರುಕು ಮಾಡುತ್ತದೆ, ಇನ್ನೊಂದು ಮಂಕು ಮಾಡುತ್ತದೆ ಎಂದೂ ತಿಳಿಸಿದರು. ಬಿಡಿಸಬಹುದಾದ ಪ್ರಶ್ನೆ ಬಿಡಿಸಿ ಹೊಗಳಿಸಿಕೊಂಡವರು ಹೆಚ್ಚಾಗಿ ಚುರುಕಿನ ಮಾತ್ರೆ ಕೇಳಿದರು. ಯಾಕೆ ಗೆದ್ದೆವೆಂದು ತಮಗೇ ತಿಳಿಯದೆ ಹೊಗಳಿಸಿಕೊಂಡವರು, ಅದರಲ್ಲೂ ಹುಡುಗರು, ಮಂಕಿನ ಮಾತ್ರೆಯ ಕಡೆ ವಾಲಿದರು.

ಅವರ ಲೆಕ್ಕಾಚಾರ ಸರಳ. ಎರಡನೇ ಸಲ ಸೋತರೆ ತಪ್ಪು ಮಾತ್ರೆಯದು. ಗೆದ್ದರೆ, ಮಂಕಿನ ಮಾತ್ರೆ ನುಂಗಿಯೂ ಗೆದ್ದ ಜಾಣ. ಎರಡು ದಾರಿಯಲ್ಲೂ ಮಾನ ಉಳಿಯುತ್ತದೆ. ಹೋಗುವುದು ಒಂದೇ, ಗೆಲ್ಲುವ ಸಾಧ್ಯತೆ. "ಓದಿರ್ಲಿಲ್ಲ ಕಣೋ" ಎನ್ನುವ ಹುಡುಗನ ಮೊಬೈಲೇ ಆ ಮಾತ್ರೆ. ತನ್ನ ಕಾಲ ಮೇಲೆ ತಾನೇ ಕಲ್ಲು ಎತ್ತಿ ಹಾಕಿಕೊಳ್ಳುವುದನ್ನು ನಾವು ದಡ್ಡತನ ಎಂದುಕೊಂಡಿದ್ದೇವೆ. ಅದು ದಡ್ಡತನವಲ್ಲ, ಜಾಣತನ ದಾರಿ ತಪ್ಪಿದ್ದು. ಕಾಲು ಮುರಿದರೆ ಓಡಬೇಕಾಗಿಲ್ಲ. ಓಡದಿದ್ದರೆ ಸೋಲಬೇಕಾಗಿಲ್ಲ.

ಇದೇ ಆಟ ಬೇರೆ ಬೇರೆ ವೇಷದಲ್ಲಿ ನಮ್ಮ ನಡುವೆ ಓಡಾಡುತ್ತಿದೆ. ಐಟಿಐ ಮುಗಿಸಿದ ಗುಬ್ಬಿ ತಾಲ್ಲೂಕಿನ ತರುಣನೊಬ್ಬನನ್ನು ಊಹಿಸಿಕೊಳ್ಳಿ. ಅವನ ತಾಲ್ಲೂಕಿನ ಬಿದರೆಹಳ್ಳ ಕಾವಲ್‌ನಲ್ಲೇ 615 ಎಕರೆಯಲ್ಲಿ ಎಚ್‌ಎಎಲ್ ಹೆಲಿಕಾಪ್ಟರ್ ಕಾರ್ಖಾನೆ ಎದ್ದು, 2023ರ ಫೆಬ್ರುವರಿಯಲ್ಲಿ ಪ್ರಧಾನಿಯೇ ಬಂದು ಉದ್ಘಾಟಿಸಿ ಹೋದರು. ವಸಂತನರಸಾಪುರದ ಕೈಗಾರಿಕಾ ಪ್ರದೇಶ ಬಸ್ಸಿನ ದಾರಿ. ಎಲ್ಲಾದರೂ ಅರ್ಜಿ ಹಾಕಪ್ಪ ಅಂದರೆ "ಇನ್‌ಫ್ಲುಯೆನ್ಸ್ ಇಲ್ದೆ ಎಲ್ಲಿ ಆಗುತ್ತೆ ಬಿಡಿ ಸಾರ್" ಅನ್ನುತ್ತಾನೆ. ಅವನ ಮಾತಿನಲ್ಲಿ ಎಷ್ಟು ನಿಜವಿದೆಯೋ ಅರ್ಜಿ ಹಾಕಿದ ಮೇಲೆ ತಾನೇ ಗೊತ್ತಾಗುವುದು? ಹಾಕದ ಅರ್ಜಿಯನ್ನು ಯಾರೂ ತಿರಸ್ಕರಿಸಲಾರರು, ಆ ನೆಮ್ಮದಿ ಅವನಿಗೆ ಬೇಕಾಗಿದೆ.

ಅಥವಾ ಕುಣಿಗಲ್ಲಿನಿಂದ ಬೆಂಗಳೂರಿಗೆ ದಿನವೂ ಹೋಗಿಬರುವ ಹೆಣ್ಣುಮಗಳನ್ನು ನೆನೆಯಿರಿ. 2017ರಲ್ಲಿ ಹಾಸನದ ರೈಲು ಮಾರ್ಗ ತೆರೆದ ಮೇಲೆ ಇಂಥವರ ಸಂಖ್ಯೆ ಬೆಳೆದಿದೆ. ಮನೆಯಲ್ಲಿ ಮೊದಲ ಪದವೀಧರೆ, ಮೊದಲ ಸಂಬಳದವಳು. ಆಫೀಸಿನಲ್ಲಿ ದೊಡ್ಡ ಹೊಣೆ ಕೊಡುತ್ತೇವೆ ಅಂದಾಗ "ಇನ್ನೂ ಸ್ವಲ್ಪ ಕಲಿಯಬೇಕು ಸಾರ್" ಎಂದು ಹಿಂದೆ ಸರಿಯುತ್ತಾಳೆ. ಆ ಹೊಣೆ ಅವಳಿಗಿಂತ ಕಡಿಮೆ ಬಲ್ಲವನ ಪಾಲಾಗುತ್ತದೆ. ಗೆಲುವು ಕೈಯಲ್ಲಿದ್ದರೂ ಅದು ತನ್ನದಲ್ಲ, ಇವತ್ತಲ್ಲ ನಾಳೆ ಎಲ್ಲರಿಗೂ ಗೊತ್ತಾಗಿಬಿಡುತ್ತದೆ ಎಂಬ ಅಳುಕನ್ನು ಪಾಲಿನ್ ಕ್ಲಾನ್ಸ್ ಮತ್ತು ಸುಜಾನ್ ಐಮ್ಸ್ ಎಂಬ ಇಬ್ಬರು ಮನಶ್ಶಾಸ್ತ್ರಜ್ಞೆಯರು ಅದೇ 1978ರಲ್ಲಿ, ಸಾಧನೆ ಮಾಡಿದ ಹೆಂಗಸರನ್ನು ಮಾತಾಡಿಸಿಯೇ ಗುರುತಿಸಿದ್ದರು.

ಒಂದು ಮಾತನ್ನು ಇಲ್ಲೇ ಹೇಳಿಬಿಡಬೇಕು. ಎಲ್ಲ ಸೋಲಿಗೂ ಸೋತವನನ್ನೇ ಹೊಣೆ ಮಾಡುವುದು ಅನ್ಯಾಯ. 545 ಪಿಎಸ್‌ಐ ಹುದ್ದೆಗಳಿಗೆ 2021ರ ಅಕ್ಟೋಬರ್‌ನಲ್ಲಿ ಪರೀಕ್ಷೆ ನಡೆಯಿತು, ಅಕ್ರಮ ಬಯಲಾಗಿ 2022ರ ಏಪ್ರಿಲ್‌ನಲ್ಲಿ ರದ್ದಾಯಿತು, ಮರುಪರೀಕ್ಷೆ ನಡೆದದ್ದು 2024ರ ಜನವರಿಯಲ್ಲಿ. ಪ್ರಾಮಾಣಿಕವಾಗಿ ಓದಿ ಪಾಸಾದವನ ಎರಡು ವರ್ಷ ಮಣ್ಣುಪಾಲಾಯಿತು. 384 ಕೆಎಎಸ್ ಹುದ್ದೆಗಳ ಪೂರ್ವಭಾವಿ ಪರೀಕ್ಷೆಯ ಕನ್ನಡ ಪ್ರಶ್ನೆಪತ್ರಿಕೆಯಲ್ಲಿ ಅನುವಾದವೇ ಎಡವಟ್ಟಾಗಿ 2024ರ ಡಿಸೆಂಬರ್‌ನಲ್ಲಿ ಮತ್ತೆ ಬರೆಯಬೇಕಾಯಿತು. ಹಳ್ಳಿಯಿಂದ ಬಂದು ತುಮಕೂರಿನಲ್ಲಿ ರೂಮು ಮಾಡಿಕೊಂಡು ಓದುವ ಹುಡುಗನಿಗೆ "ನಿನ್ನ ಮನಸ್ಸೇ ನಿನ್ನ ಶತ್ರು" ಎಂದು ಉಪದೇಶ ಮಾಡುವ ಮುಂಚೆ ಈ ಲೆಕ್ಕ ನೆನಪಿರಬೇಕು. ವ್ಯವಸ್ಥೆ ಹಾಕಿದ ಅಡ್ಡಗಾಲು ಬೇರೆ, ನಾವೇ ಹಾಕಿಕೊಂಡದ್ದು ಬೇರೆ. ಮೊದಲನೆಯದಕ್ಕೆ ಬೀದಿಗಿಳಿದು ಕೇಳಬೇಕು, ಹುಡುಗರು ಕೇಳಿದ್ದಾರೆ ಕೂಡ. ಎರಡನೆಯದಕ್ಕೆ ಒಳಗೆ ನೋಡಿಕೊಳ್ಳಬೇಕು. ತೊಂದರೆ ಏನೆಂದರೆ, ಮೊದಲನೆಯದು ನಿಜವಾಗಿರುವುದರಿಂದಲೇ ಎರಡನೆಯದಕ್ಕೆ ಅಡಗಲು ಒಳ್ಳೆಯ ಜಾಗ ಸಿಗುತ್ತದೆ.

ಅಳತೆಗೋಲು ಯಾರದು?

ಇಷ್ಟಕ್ಕೂ ಸೋಲೆಂದರೆ ಇಷ್ಟೊಂದು ಭಯ ಯಾಕೆ? ನಮ್ಮ ಕಡೆ ಮದುವೆ ಮನೆಯಲ್ಲಿ, ನಾಮಕರಣದಲ್ಲಿ, ಗುಬ್ಬಿಯಪ್ಪನ ಜಾತ್ರೆಯಲ್ಲಿ ಎದುರಾಗುವ ಪ್ರಶ್ನೆ ಒಂದೇ: "ಏನ್ ಮಾಡ್ಕೊಂಡಿದ್ದೀಯಪ್ಪ? ಸೆಟ್ಲ್ ಆದ್ಯಾ?" ಸೆಟ್ಲ್ ಆಗುವುದೆಂದರೆ ಸರ್ಕಾರಿ ಕೆಲಸ, ಇಲ್ಲವೇ ಬೆಂಗಳೂರಿನ ಕಂಪನಿ, ತುಮಕೂರಿನಲ್ಲಿ ಒಂದು ಸೈಟು, ಮದುವೆ. ತೆಂಗು ಅಡಿಕೆ ನೋಡಿಕೊಂಡು ತೋಟದಲ್ಲಿ ನಾಲ್ಕು ಕಾಸು ಮಾಡುತ್ತಿರುವವನೂ "ಊರಲ್ಲೇ ಇದ್ದಾನೆ ಪಾಪ" ಅನ್ನಿಸಿಕೊಳ್ಳುತ್ತಾನೆ. ಈ ಗೋಲಿನಲ್ಲಿ ಅಳೆಸಿಕೊಳ್ಳುವವನಿಗೆ ಪರೀಕ್ಷೆಯ ಫಲಿತಾಂಶ ಅಂಕಪಟ್ಟಿಯಾಗಿ ಉಳಿಯುವುದಿಲ್ಲ, ತನ್ನ ಬೆಲೆಯ ಚೀಟಿಯಾಗುತ್ತದೆ. ಬೆಲೆ ಕಡಿಮೆಯೆಂದು ಬರೆದಿರಬಹುದು ಎಂಬ ಅನುಮಾನವಿದ್ದರೆ ಚೀಟಿಯನ್ನು ಯಾರು ತಾನೇ ಬಿಚ್ಚಿ ನೋಡಲು ಬಯಸುತ್ತಾರೆ?

ಹೊಗಳಿಕೆಯೂ ಇದೇ ಕೆಲಸ ಮಾಡುತ್ತದೆ. ಕ್ಲಾಡಿಯಾ ಮುಲ್ಲರ್ ಮತ್ತು ಕ್ಯಾರಲ್ ಡ್ವೆಕ್ 1998ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಐದನೇ ತರಗತಿಯ ಮಕ್ಕಳಿಗೆ ಚಿತ್ರಗಳ ಒಗಟುಗಳನ್ನು ಬಿಡಿಸಲು ಕೊಟ್ಟು, ಕೆಲವರಿಗೆ "ನೀನು ಬುದ್ಧಿವಂತ" ಎಂದರು, ಕೆಲವರಿಗೆ "ಚೆನ್ನಾಗಿ ಶ್ರಮ ಹಾಕಿದೆ" ಎಂದರು. ಮುಂದಿನ ಸಲ ಯಾವುದು ಬೇಕು ಎಂದಾಗ, ಬುದ್ಧಿವಂತ ಅನ್ನಿಸಿಕೊಂಡವರಲ್ಲಿ ಬಹುಪಾಲು ಮಕ್ಕಳು ಸುಲಭದ್ದನ್ನು ಆರಿಸಿಕೊಂಡರು. ಪಟ್ಟ ಕಟ್ಟಿದ ಮೇಲೆ ಅದನ್ನು ಕಾಪಾಡುವುದೇ ಕೆಲಸವಾಯಿತು. ಎಸ್ಸೆಸ್ಸೆಲ್ಸಿಯಲ್ಲಿ 95 ತೆಗೆದು ಊರಿನ ಬಸ್ ಸ್ಟ್ಯಾಂಡಿನಲ್ಲಿ ಫ್ಲೆಕ್ಸ್ ಹಾಕಿಸಿಕೊಂಡ ಎಷ್ಟೋ ಮಕ್ಕಳು ಪಿಯುಸಿಯಲ್ಲಿ ಯಾಕೆ ಮಂಕಾಗುತ್ತಾರೆ ಎಂದು ಕೇಳುವ ತಂದೆ ತಾಯಿಗಳು ಆ ಫ್ಲೆಕ್ಸನ್ನು ಒಮ್ಮೆ ನೆನೆಯಬೇಕು.

ಅಳತೆಗೋಲುಗಳು ಆಕಾಶದಿಂದ ಇಳಿದವಲ್ಲ ಎಂಬುದಕ್ಕೆ ಕುಣಿಗಲ್ಲಿನ ಕುದುರೆ ಫಾರಂಗಿಂತ ಒಳ್ಳೆಯ ಸಾಕ್ಷಿ ಬೇಡ. ಟಿಪ್ಪು ಸುಲ್ತಾನ್ ಕಾಲದಲ್ಲಿ ಅಲ್ಲಿ ಸಾಕಿದ್ದು ದಂಡಿನ ಕುದುರೆಗಳನ್ನು. ಸವಾರನನ್ನೂ ಸಾಮಾನನ್ನೂ ಹೊತ್ತು ದೂರ ನಡೆಯಬೇಕು, ಫಿರಂಗಿ ಸದ್ದಿಗೆ ಬೆದರಬಾರದು, ಸಿಕ್ಕ ಮೇವು ತಿಂದು ಬದುಕಬೇಕು. ಅದು ಅಂದಿನ ಒಳ್ಳೆಯ ಕುದುರೆ. ಮುಂದೆ ಅದೇ ನೆಲದಲ್ಲಿ, ಅದೇ ಹುಲ್ಲಿನ ಮೇಲೆ ರೇಸ್ ಕುದುರೆಗಳ ತಳಿ ಬೆಳೆಯಿತು. ಈಗ ಕೇಳುವುದು ಅಪ್ಪ ಅಮ್ಮ ಯಾರು, ಮೈಲಿಗೆ ಎಷ್ಟು ಸೆಕೆಂಡು ಎಂದು. ಟಿಪ್ಪುವಿನ ಲಾಯದ ಅತ್ಯುತ್ತಮ ಕುದುರೆಯನ್ನು ಇವತ್ತು ತಂದು ರೇಸ್ ಕೋರ್ಸಿನಲ್ಲಿ ನಿಲ್ಲಿಸಿದರೆ ಕೊನೆಯಲ್ಲಿ ಬರುತ್ತದೆ. ಇವತ್ತಿನ ಡರ್ಬಿ ವಿಜೇತನನ್ನು ಅಂದಿನ ಯುದ್ಧಭೂಮಿಗೆ ಒಯ್ದಿದ್ದರೆ ಮೊದಲ ಗುಂಡಿಗೇ ಕಾಲು ಕೀಳುತ್ತಿತ್ತೇನೋ. ಕುದುರೆಗೆ ತನ್ನ ಅಳತೆಯನ್ನು ತಾನೇ ಹೇಳುವ ಬಾಯಿಲ್ಲ, ನಮಗಿದೆ.

ಗುಬ್ಬಿಯ ಒಡೆಯ, ಕಳ್ಳನ ಪಾತ್ರ

ಆ ಬಾಯನ್ನು ಚೆನ್ನಾಗಿ ಬಳಸಿಕೊಂಡವರು ಗುಬ್ಬಿ ವೀರಣ್ಣ. 1891ರಲ್ಲಿ ಹುಟ್ಟಿದ ವೀರಣ್ಣ ಬಾಲಕನಾಗಿರುವಾಗಲೇ ಗುಬ್ಬಿಯ ಚನ್ನಬಸವೇಶ್ವರ ನಾಟಕ ಕಂಪನಿ ಸೇರಿದರು. ಆ ಕಂಪನಿ ಶುರುವಾದದ್ದು 1884ರಲ್ಲಿ. 1917ರ ಹೊತ್ತಿಗೆ ಅದರ ಒಡೆತನ ವೀರಣ್ಣನವರ ಕೈಗೆ ಬಂತು.

ಕಂಪನಿ ನಾಟಕದ ಕಾಲದಲ್ಲಿ ಯಶಸ್ಸಿನ ಗೋಲು ಯಾವುದೆಂಬುದರಲ್ಲಿ ಯಾರಿಗೂ ಅನುಮಾನವಿರಲಿಲ್ಲ. ರಾಜಾಪಾರ್ಟು. ಕಿರೀಟ, ಕಂಠ, ಒನ್ಸ್ ಮೋರ್ ಗಿಟ್ಟಿಸುವ ಹಾಡು. ಒಡೆಯನೇ ಆದ ಮೇಲೆ ಆ ಪಾರ್ಟನ್ನು ತನಗೆ ತಾನೇ ಕೊಟ್ಟುಕೊಂಡಿದ್ದರೆ ತಡೆಯುವವರು ಯಾರೂ ಇರಲಿಲ್ಲ. ವೀರಣ್ಣ ಹಾಗೆ ಮಾಡಲಿಲ್ಲ, ಹಾಸ್ಯದ ಪಾತ್ರವನ್ನೇ ಉಳಿಸಿಕೊಂಡರು. 'ಸದಾರಮೆ' ನಾಟಕದಲ್ಲಿ ಅವರ ಕಳ್ಳನ ಪಾತ್ರ ನೋಡಲೆಂದೇ ಜನ ಬರುತ್ತಿದ್ದರು. ನಾಟಕದ ಹೆಸರು ನಾಯಕಿಯದು, ಜನ ಬರುತ್ತಿದ್ದುದು ಕಳ್ಳನಿಗಾಗಿ.

ಹಾಸ್ಯ ನಟನ ಪರೀಕ್ಷೆ ಎಷ್ಟು ನಿರ್ದಯಿ ಎಂದು ಯೋಚಿಸಿ. ರಾಜಾಪಾರ್ಟಿನವನು ಕೆಟ್ಟದಾಗಿ ಮಾಡಿದರೂ ವೇಷಭೂಷಣ ಕಾಪಾಡುತ್ತದೆ, ಹಾಡು ಕಾಪಾಡುತ್ತದೆ, ಪುರಾಣದ ಮೇಲಿನ ಭಕ್ತಿ ಕಾಪಾಡುತ್ತದೆ. ಹಾಸ್ಯದವನು ಮಾತಾಡಿದ ಮರುಗಳಿಗೆ ಜನ ನಕ್ಕರೆ ಗೆಲುವು, ನಗದಿದ್ದರೆ ಸೋಲು. ನೆಪಕ್ಕೆ ಜಾಗವೇ ಇಲ್ಲ. ಇಂಥ ಪರೀಕ್ಷೆಗೆ ಒಂದೇ ರಾತ್ರಿಯಲ್ಲಿ ಹತ್ತಾರು ಸಲ, ಅದೂ ಕ್ಯಾಂಪಿನಿಂದ ಕ್ಯಾಂಪಿಗೆ, ದಶಕಗಳ ಕಾಲ ಅವರು ತಮ್ಮನ್ನು ಒಡ್ಡಿಕೊಂಡರು. ಗಲ್ಲಾಪೆಟ್ಟಿಗೆಯ ಪರೀಕ್ಷೆಯೂ ಅಷ್ಟೇ. ಕಂಪನಿಯೆಂದರೆ ನಟರು, ಸಂಗೀತದವರು, ಪರದೆಯವರು, ಅಡುಗೆಯವರು ಎಲ್ಲ ಸೇರಿದ ಒಂದು ಸಂಸಾರ. ಮಳೆ ಹೊಡೆದು ಕಲೆಕ್ಷನ್ ಇಲ್ಲದ ರಾತ್ರಿಯೂ ಅಷ್ಟೂ ಮಂದಿಗೆ ಊಟ ಹಾಕಬೇಕು. 1934ರಲ್ಲಿ 'ಕುರುಕ್ಷೇತ್ರ' ನಾಟಕಕ್ಕೆ ಜೀವಂತ ಆನೆ ಕುದುರೆಗಳನ್ನೇ ರಂಗಕ್ಕೆ ತಂದರು. ಗಂಡಸರೇ ಹೆಣ್ಣುವೇಷ ಕಟ್ಟುತ್ತಿದ್ದ ಕಾಲದಲ್ಲಿ ಹೆಂಗಸರಿಗೆ ರಂಗದ ಮೇಲೆ ಜಾಗ ಕೊಟ್ಟರು. ಮೂಕಿ ಚಿತ್ರದ ಕಾಲದಲ್ಲೇ ಸಿನಿಮಾಕ್ಕೆ ಕೈ ಹಾಕಿದರು. ನಗೆಪಾಟಲಾಗಬಹುದು ಎಂಬ ಭಯಕ್ಕೆ ಕಿವಿಗೊಟ್ಟವನು ಇದರಲ್ಲಿ ಒಂದನ್ನೂ ಮಾಡುತ್ತಿರಲಿಲ್ಲ. ನಗೆಪಾಟಲಾಗುವುದನ್ನೇ ಕಸುಬು ಮಾಡಿಕೊಂಡವರಿಗೆ ಆ ಭಯ ಹೇಗೆ ತಾನೇ ಹತ್ತಿರ ಬಂದೀತು!

ಅವರ ಯಶಸ್ಸಿನ ಲೆಕ್ಕಕ್ಕೆ ಇನ್ನೊಂದು ಕಲಮು ಇದೆ. ಮನೆ ಬಿಟ್ಟು ಓಡಿಬಂದ ಬಂಟ್ವಾಳದ ಕಡೆಯ ಹುಡುಗನೊಬ್ಬ ಕಂಪನಿ ಸೇರಿದ. ಚೆನ್ನಾಗಿ ಹಾಡುತ್ತಿದ್ದ. ಅಂಥವನನ್ನು ಕಂಪನಿಯಲ್ಲೇ ಕಟ್ಟಿಹಾಕಿಕೊಳ್ಳುವುದು ವ್ಯಾಪಾರದ ಬುದ್ಧಿ. ವೀರಣ್ಣ ಅವನನ್ನು ಓದಲೆಂದು ಬನಾರಸಿಗೆ ಕಳಿಸಿದರು. ಅವನೇ ಮುಂದೆ ರಾಷ್ಟ್ರೀಯ ನಾಟಕ ಶಾಲೆಯ ನಿರ್ದೇಶಕನಾಗಿ, ಮೈಸೂರಿನ ರಂಗಾಯಣ ಕಟ್ಟಿದ ಬಿ.ವಿ. ಕಾರಂತ. ರಾಜ್‌ಕುಮಾರ್, ಬಾಲಕೃಷ್ಣ, ತಿಪಟೂರಿನ ನರಸಿಂಹರಾಜು, ಜಿ.ವಿ. ಅಯ್ಯರ್ ಎಲ್ಲರೂ ಗುಬ್ಬಿ ಕಂಪನಿಯಲ್ಲಿ ಪಳಗಿ ಹೊರಗೆ ಹೋದವರೇ. ತನ್ನ ಬಳಿ ಉಳಿದವರನ್ನಷ್ಟೇ ಎಣಿಸುವ ಒಡೆಯನಿಗೆ ಇದು ನಷ್ಟದ ಬಾಬತ್ತು. ವೀರಣ್ಣನವರು ತಮ್ಮ ಆತ್ಮಕಥೆಗೆ ಇಟ್ಟ ಹೆಸರು 'ಕಲೆಯೇ ಕಾಯಕ'. ಕಾಯಕ ಎಂದುಕೊಂಡವನಿಗೆ ಇಂದಿನ ಸೋಲು ಇಂದಿನ ಕೆಲಸದ ಸೋಲು ಅಷ್ಟೆ, ಮನುಷ್ಯನ ಸೋಲಲ್ಲ. ಪದ್ಮಶ್ರೀ ಬಂದದ್ದು 1972ರಲ್ಲಿ, ಅವರು ತೀರಿಕೊಂಡ ವರ್ಷ. ಅದಕ್ಕಾಗಿ ಕಾದು ಕೂತಿದ್ದರೆ ಬದುಕೆಲ್ಲ ಕಾಯುವುದರಲ್ಲೇ ಮುಗಿಯುತ್ತಿತ್ತು.

ಹತ್ತು, ಹದಿನೈದು, ಇಪ್ಪತ್ತು

ವೀರಣ್ಣನವರಿಗೆ ಪ್ರತಿಭೆಯಿತ್ತು, ಕಂಪನಿಯಿತ್ತು, ನಮ್ಮಂಥವರ ಕತೆಯೇನು ಎನ್ನುವವರಿಗೆ ಅದೇ ಗುಬ್ಬಿ ತಾಲ್ಲೂಕಿನಲ್ಲಿ ಹುಟ್ಟಿದ ಇನ್ನೊಬ್ಬರಿದ್ದಾರೆ. ಸಾಲುಮರದ ತಿಮ್ಮಕ್ಕ. ಶಾಲೆಯ ಮೆಟ್ಟಿಲು ಹತ್ತಿದವರಲ್ಲ, ಕೂಲಿ ಮಾಡಿ ಬದುಕಿದವರು. ಕುಣಿಗಲ್ಲಿಗೆ ಹೊಂದಿಕೊಂಡ ಮಾಗಡಿ ತಾಲ್ಲೂಕಿನ ಹುಲಿಕಲ್ಲಿನ ಚಿಕ್ಕಯ್ಯನವರನ್ನು ಮದುವೆಯಾಗಿ ಹೋದರು. ಮಕ್ಕಳಾಗಲಿಲ್ಲ.

ಅಂದಿನ ಹಳ್ಳಿಯಲ್ಲಿ ಹೆಂಗಸಿನ ಯಶಸ್ಸಿಗೆ ಇದ್ದ ಗೋಲು ಒಂದೇ, ಆ ಗೋಲಿನಲ್ಲಿ ಅವರು ಸೊನ್ನೆ. ಕೇಳಬಾರದ ಮಾತು ಕೇಳಿದರು. ಕೊರಗಿ ಮೂಲೆ ಸೇರಬಹುದಿತ್ತು, ಹಾಗೆ ಸೇರಿದವರು ಎಷ್ಟೋ ಮಂದಿ. ಗಂಡ ಹೆಂಡತಿ ಹುಲಿಕಲ್ಲಿನಿಂದ ಕುದೂರಿಗೆ ಹೋಗುವ ರಸ್ತೆಯ ಬದಿಯಲ್ಲಿ ಆಲದ ಸಸಿ ನೆಡಲು ನಿಂತರು. ಮೊದಲ ವರ್ಷ ಹತ್ತು. ಎರಡನೇ ವರ್ಷ ಹದಿನೈದು. ಮೂರನೇ ವರ್ಷ ಇಪ್ಪತ್ತು. ಸಾವಿರ ಸಸಿ ನೆಡುತ್ತೇವೆಂದು ಹೊರಟಿದ್ದರೆ ನೂರು ಒಣಗಿದ ದಿನವೇ ಕೈಚೆಲ್ಲುತ್ತಿದ್ದರೇನೋ. ತಮ್ಮ ನಾಲ್ಕು ಕೈಗೆ ಎಷ್ಟು ನೀರು ಹೊರಲು ಸಾಧ್ಯವೋ ಅಷ್ಟೇ ಸಸಿ. ಮಳೆಗಾಲ ನೋಡಿ ನೆಟ್ಟರು, ಹತ್ತಿದ ಮೇಲೆ ಬೇಸಿಗೆಗೆ ಬಿಂದಿಗೆಯಲ್ಲಿ ನೀರು ಹೊತ್ತರು, ದನ ಮೇಯದಂತೆ ಮುಳ್ಳು ಕಟ್ಟಿದರು. ಹೀಗೆ ಎದ್ದು ನಿಂತವು 385 ಆಲದ ಮರಗಳು. ಸಸಿ ಬದುಕಿತೋ ಸತ್ತಿತೋ ಎಂಬುದನ್ನು ಮುಚ್ಚಿಡಲಾಗುವುದಿಲ್ಲ, ದಾರಿಹೋಕರೆಲ್ಲ ನೋಡುತ್ತಾರೆ. ಸತ್ತರೆ ಅದೇ ಗುಣಿಯಲ್ಲಿ ಇನ್ನೊಂದು ನೆಡಬೇಕು, ಅದಕ್ಕೂ ನೀರು ಹೊರಬೇಕು.

1991ರಲ್ಲಿ ಚಿಕ್ಕಯ್ಯ ಹೋದರು. ಪ್ರಶಸ್ತಿಗಳು ಬರತೊಡಗಿದ್ದು ಆಮೇಲೆ. 2019ರ ಮಾರ್ಚಿನಲ್ಲಿ ಪದ್ಮಶ್ರೀ ತೆಗೆದುಕೊಳ್ಳುವಾಗ ರಾಷ್ಟ್ರಪತಿಯ ಹಣೆ ಮುಟ್ಟಿ ಹರಸಿದ ಅಜ್ಜಿಯನ್ನು ದೇಶವೆಲ್ಲ ನೋಡಿತು. ನನಗೆ ಮುಖ್ಯ ಅನ್ನಿಸುವುದು ಅದೇ ವರ್ಷ ಜೂನ್ ಹೊತ್ತಿಗೆ ನಡೆದದ್ದು. ಬಾಗೇಪಲ್ಲಿ–ಹಲಗೂರು ರಸ್ತೆ ಅಗಲ ಮಾಡಲು ಆ ಮರಗಳಿಗೆ ಕೊಡಲಿ ಬೀಳುತ್ತದೆ ಎಂದಾಗ, ಪ್ರಶಸ್ತಿ ಬಂತಲ್ಲ ಸಾಕು ಎಂದು ಆಕೆ ಸುಮ್ಮನಿರಲಿಲ್ಲ. ಮುಖ್ಯಮಂತ್ರಿಗೆ ಮೊರೆ ಹೋಗಿ ಮರ ಕಡಿಯಬೇಡಿ ಎಂದು ಕೇಳಿದರು. ಅವರ ಲೆಕ್ಕದಲ್ಲಿ ಗೆಲುವೆಂದರೆ ನಿಂತಿರುವ ಮರ, ಗೋಡೆಯ ಮೇಲಿನ ಪದಕವಲ್ಲ. 2025ರ ನವೆಂಬರ್‌ನಲ್ಲಿ ಅವರು ತೀರಿಕೊಂಡಾಗ ನಾಡು ನೆನೆದದ್ದು ಆ ಮರಗಳನ್ನು. ಅಷ್ಟು ಹೊತ್ತಿಗೆ ಗೋಲೇ ಬದಲಾಗಿತ್ತು.

ಸ್ವಂತ ಗೋಲಿನ ಮೋಸ

ಹಾಗಾದರೆ ಯಶಸ್ಸನ್ನು ಅವರವರೇ ವ್ಯಾಖ್ಯಾನಿಸಿಕೊಂಡರೆ ಎಲ್ಲ ಸರಿಹೋಯಿತೇ? ಇಲ್ಲ. ಇಲ್ಲಿ ಜಾರುವ ಜಾಗವಿದೆ. "ನನಗೆ ಆ ಪೈಪೋಟಿಯೆಲ್ಲ ಬೇಡ, ನೆಮ್ಮದಿಯೇ ನನ್ನ ಯಶಸ್ಸು" ಎನ್ನುವ ಮಾತು ಎಷ್ಟೋ ಸಲ ಹಳೆಯ ನೆಪವೇ ಹೊಸ ಅಂಗಿ ತೊಟ್ಟು ಬಂದದ್ದು. ಅರ್ಜಿ ಹಾಕದ ಹುಡುಗನೂ ಇದನ್ನೇ ಹೇಳಬಲ್ಲ. ಎರಡನ್ನೂ ಬೇರೆ ಮಾಡುವುದು ಹೇಗೆ?

ವೀರಣ್ಣ, ತಿಮ್ಮಕ್ಕ ಇಬ್ಬರ ಬದುಕಿನಲ್ಲೂ ಅದಕ್ಕೆ ಉತ್ತರವಿದೆ. ಅವರ ಗೋಲು ಅವರದೇ, ಆದರೆ ಅದರಲ್ಲಿ ಸೋಲಲು ಸಾಧ್ಯವಿತ್ತು. ಜನ ನಗದೆ ಇರಬಹುದಿತ್ತು, ಸಸಿ ಒಣಗಬಹುದಿತ್ತು. ಯಾವ ಗೋಲಿನಲ್ಲಿ ನೀವು ಎಂದೂ ಸೋಲುವುದಿಲ್ಲವೋ ಅದು ಗೋಲಲ್ಲ, ಮರೆ. ನಿಮ್ಮ ಯಶಸ್ಸಿನ ವ್ಯಾಖ್ಯೆಯನ್ನು ಒಂದು ಹಾಳೆಯಲ್ಲಿ ಬರೆದು, "ಈ ತಿಂಗಳ ಕೊನೆಗೆ ಏನಾಗದಿದ್ದರೆ ನಾನು ಸೋತೆ ಎಂದು ಒಪ್ಪುತ್ತೇನೆ?" ಎಂಬ ಪ್ರಶ್ನೆ ಕೇಳಿಕೊಳ್ಳಿ. ಉತ್ತರ ಬಂದರೆ ಅದು ನಿಜವಾದ ಗೋಲು. ಬರದಿದ್ದರೆ ಮತ್ತೆ ಬರೆಯಿರಿ. ಎರಡನೇ ಪ್ರಶ್ನೆ: ಇದಕ್ಕಾಗಿ ನಾನು ಏನು ಕೊಡುತ್ತಿದ್ದೇನೆ? ನಿದ್ದೆಯೋ, ದುಡ್ಡೋ, ನಾಲ್ಕು ಜನರ ಮೆಚ್ಚುಗೆಯೋ, ಏನೋ ಒಂದು ಕೈಬಿಟ್ಟಿರಬೇಕು. ಪುಕ್ಕಟೆ ಸಿಕ್ಕ ಗೋಲಿಗೆ ಸತ್ವ ಕಡಿಮೆ.

ಮಾಡುವುದೇನು?

ನೆಲ ಅಗೆಯುವ ಚಟ ಒಂದು ದಿನದಲ್ಲಿ ಬಿಡುವಂಥದ್ದಲ್ಲ. ಆದರೆ ಕೆಲವು ಉಪಾಯಗಳು ಫಲ ಕೊಡುತ್ತವೆ ಎಂಬುದು ಪರೀಕ್ಷೆಗೆ ನಿಂತು ಗೆದ್ದ ಮಾತು.

ಮೊದಲನೆಯದು ಕೇಳಲು ವಿಚಿತ್ರ: ನಿಮ್ಮನ್ನು ನೀವು ಕ್ಷಮಿಸಿಕೊಳ್ಳಿ. ಕೆನಡಾದ ಕಾರ್ಲ್‌ಟನ್ ವಿಶ್ವವಿದ್ಯಾಲಯದ ಮೈಕೆಲ್ ವೋಲ್ ಮತ್ತು ಸಂಗಡಿಗರು 2010ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಮೊದಲ ಪರೀಕ್ಷೆಗೆ ಓದದೆ ಕಾಲ ತಳ್ಳಿದ ವಿದ್ಯಾರ್ಥಿಗಳ ಪೈಕಿ ಅದಕ್ಕಾಗಿ ತಮ್ಮನ್ನು ಕ್ಷಮಿಸಿಕೊಂಡವರು ಎರಡನೇ ಪರೀಕ್ಷೆಗೆ ಮುಂಚೆ ಕಡಿಮೆ ಕಾಲಹರಣ ಮಾಡಿದರು. ಬೈದುಕೊಂಡರೆ ಬುದ್ಧಿ ಬರುತ್ತದೆ ಎಂದು ನಂಬಿದ ನಮಗೆ ಇದು ಒಪ್ಪಿಗೆಯಾಗುವುದು ಕಷ್ಟ. ಆದರೆ ಕಾರಣ ಸ್ಪಷ್ಟ. ಕೆಲಸ ಮುಂದೂಡುವುದು ಸೋಮಾರಿತನಕ್ಕಿಂತ ಹೆಚ್ಚಾಗಿ ಸಂಕಟದಿಂದ ತಪ್ಪಿಸಿಕೊಳ್ಳುವ ದಾರಿ. ಪುಸ್ತಕ ತೆರೆದಾಗಲೆಲ್ಲ "ನಾನು ಅಯೋಗ್ಯ" ಎಂಬ ಮಾತು ಎದುರಾದರೆ ಪುಸ್ತಕ ತೆರೆಯುವವರು ಯಾರು? ಬೈಗುಳ ನಿಂತರೆ ಪುಸ್ತಕದ ಕಡೆ ಕೈ ಹೋಗುತ್ತದೆ. ಕ್ಷಮೆಯೆಂದರೆ ತಪ್ಪೇ ಆಗಿಲ್ಲ ಎನ್ನುವುದಲ್ಲ. ಹೌದು, ಆಯಿತು, ಈಗ ಕೂರೋಣ ಎನ್ನುವುದು.

ಎರಡನೆಯದು, ಸಂಕಲ್ಪಕ್ಕೆ ಹೊತ್ತು ಗೊತ್ತು ಕಟ್ಟುವುದು. ಜರ್ಮನಿಯ ಪೀಟರ್ ಗೋಲ್ವಿಟ್ಜರ್ 1990ರ ದಶಕದಲ್ಲಿ ನಡೆಸಿದ ಒಂದು ಪ್ರಯೋಗದಲ್ಲಿ ಕ್ರಿಸ್‌ಮಸ್ ರಜೆಯಲ್ಲಿ ಒಂದು ವರದಿ ಬರೆದು ಕಳಿಸಿ ಎಂದು ವಿದ್ಯಾರ್ಥಿಗಳಿಗೆ ಹೇಳಲಾಯಿತು. ಯಾವಾಗ, ಎಲ್ಲಿ ಕೂತು ಬರೆಯುತ್ತೇವೆಂದು ಮೊದಲೇ ನಿಗದಿ ಮಾಡಿಕೊಂಡವರಲ್ಲಿ ಹತ್ತಿರ ಹತ್ತಿರ ಮುಕ್ಕಾಲು ಪಾಲು ಬರೆದರು. ಬರೀ ಬರೆಯುತ್ತೇನೆ ಎಂದುಕೊಂಡವರಲ್ಲಿ ಮೂರರಲ್ಲಿ ಒಬ್ಬರಷ್ಟೇ ಬರೆದರು. "ಇನ್ಮೇಲೆ ಚೆನ್ನಾಗಿ ಓದ್ತೀನಿ" ಎಂಬುದಕ್ಕೂ, "ಬೆಳಗಿನ ಕಾಫಿ ಲೋಟ ಕೆಳಗಿಟ್ಟ ತಕ್ಷಣ ಮೊಬೈಲನ್ನು ಅಮ್ಮನ ಕೈಗೆ ಕೊಟ್ಟು ಕಿಟಕಿ ಪಕ್ಕದ ಮೇಜಿನಲ್ಲಿ ಅರ್ಥಶಾಸ್ತ್ರದ ಎರಡನೇ ಅಧ್ಯಾಯ ತೆಗೀತೀನಿ" ಎಂಬುದಕ್ಕೂ ಇರುವ ವ್ಯತ್ಯಾಸ ಇದು. ಮೊದಲನೆಯದು ಕೇಳಲು ದೊಡ್ಡದು. ಎರಡನೆಯದು ನಡೆಯುತ್ತದೆ. ತಿಮ್ಮಕ್ಕನ ಹತ್ತು ಸಸಿ ಈ ಎರಡನೇ ಜಾತಿಯದು.

ಮೂರನೆಯದು, ನಿಮ್ಮ ನೆಪವನ್ನು ಅದು ಹುಟ್ಟುವ ಮುಂಚೆಯೇ ಬರೆದಿಡಿ. ಮುಂದಿನ ಸಂದರ್ಶನಕ್ಕೆ, ಸಾಲದ ಅರ್ಜಿಗೆ, ಅಂಗಡಿ ತೆರೆಯುವುದಕ್ಕೆ ಹೊರಡುವ ಒಂದು ವಾರ ಮುಂಚೆ, "ಇದು ಕೆಟ್ಟರೆ ನಾನು ಯಾವ ಕಾರಣ ಹೇಳುತ್ತೇನೆ?" ಎಂದು ಕೇಳಿಕೊಳ್ಳಿ. ತಡವಾಗಿ ಹೊರಟೆ ಎಂದೋ, ಕಾಗದಪತ್ರ ಸರಿಯಿರಲಿಲ್ಲ ಎಂದೋ, ಮನೆಯಲ್ಲಿ ಜಗಳವಾಗಿತ್ತು ಎಂದೋ ಉತ್ತರ ಬರುತ್ತದೆ. ಬಂದ ಉತ್ತರವೇ ನೀವು ಅಗೆಯಲಿರುವ ಜಾಗ. ಕಾಗದಪತ್ರವನ್ನು ಆವತ್ತೇ ಸರಿಮಾಡಿ.

ಇದೆಲ್ಲ ದಾರಿ ನಡೆಯುವಷ್ಟು ಶಕ್ತಿ ಇರುವವರಿಗೆ. ವಾರಗಟ್ಟಲೆ ನಿದ್ದೆ ಬಾರದೆ, ಯಾವುದರಲ್ಲೂ ರುಚಿಯಿಲ್ಲದೆ, ಬದುಕೇ ಬೇಡ ಅನ್ನಿಸುತ್ತಿದ್ದರೆ ಅದನ್ನು ನೆಪ ಎಂದು ಕರೆಯಬಾರದು, ಅದು ಕಾಯಿಲೆ. ಅದಕ್ಕೆ ಚಿಕಿತ್ಸೆಯಿದೆ. 14416 ಸಂಖ್ಯೆಗೆ ಕರೆ ಮಾಡಿದರೆ ಟೆಲಿ ಮಾನಸ್ ಸಹಾಯವಾಣಿಯಲ್ಲಿ ಕನ್ನಡದಲ್ಲೇ ಮಾತಾಡಬಹುದು, ದುಡ್ಡು ಕೊಡಬೇಕಿಲ್ಲ.

ಕೊನೆಯ ಮಾತು ದೊಡ್ಡವರಿಗೆ. ಅಳತೆಗೋಲನ್ನು ಮಕ್ಕಳ ಕೈಗೆ ಕೊಡುವವರು ನಾವೇ. ಫಲಿತಾಂಶದ ದಿನ "ಎಷ್ಟು ಬಂತು?" ಎಂದು ಕೇಳಿ, ತಪ್ಪಿಲ್ಲ, ಅಂಕಗಳಿಗೆ ಅವುಗಳ ಕೆಲಸವಿದೆ. ಅದರ ಜೊತೆಗೆ "ಈ ವರ್ಷ ನಿನಗೆ ಬಾರದೆ ಇದ್ದದ್ದು ಯಾವುದು ಬಂತು?" ಎಂದೂ ಕೇಳಿ. ನೀವು ಈ ವರ್ಷ ಯಾವುದರಲ್ಲಿ ಸೋತಿರಿ, ಆಮೇಲೆ ಏನು ಮಾಡಿದಿರಿ ಎಂಬುದನ್ನೂ ಊಟದ ಹೊತ್ತಿನಲ್ಲಿ ಹೇಳಿ. ಕೊಬ್ಬರಿ ರೇಟು ಇಳಿದು ನಷ್ಟವಾದದ್ದು, ಅಂಗಡಿಯಲ್ಲಿ ಸರಕು ಉಳಿದದ್ದು, ಬಡ್ತಿ ತಪ್ಪಿದ್ದು, ಇವೆಲ್ಲ ಮಕ್ಕಳಿಗೆ ಗೊತ್ತಾಗಬಾರದು ಎಂದು ಮುಚ್ಚಿಡುತ್ತೇವೆ. ಸೋತು ಮರುದಿನ ಎಂದಿನಂತೆ ಕೆಲಸಕ್ಕೆ ಹೋದ ಅಪ್ಪನನ್ನು, ಅಮ್ಮನನ್ನು ಕಂಡ ಮಗುವಿಗೆ ಸೋಲು ಬದುಕಿನ ಕೊನೆಯಲ್ಲ ಎಂದು ಬೇರೆ ಯಾರೂ ಹೇಳಿಕೊಡಬೇಕಾಗಿಲ್ಲ. ಅಂಥ ಮಗು ಪೂರಾ ಓದಿ, ಪೂರಾ ಶಕ್ತಿ ಹಾಕಿ, ಆಮೇಲೂ ಕಡಿಮೆ ಅಂಕ ತಂದು "ಓದಿದ್ದೆ, ಸಾಲಲಿಲ್ಲ" ಎಂದು ನೇರವಾಗಿ ಹೇಳಬಲ್ಲದು. ಹಾಗೆ ಹೇಳಬಲ್ಲ ಮಗುವಿಗೆ ಮುಂದಿನ ಸಲ ಎಷ್ಟು ಓದಬೇಕೆಂಬುದೂ ಗೊತ್ತಿರುತ್ತದೆ.